ಚಿತ್ರ ಬಿಡಿಸಲು ಗೊತ್ತು, ಕಳಿಸುವುದು ಯಾರಿಗೆ? ಕನ್ನಡಕ್ಕಾ, ಮಲಯಾಳಕ್ಕಾ, ಅಮೆರಿಕಕ್ಕಾ?

ಅಡಿಕೆಅಂಗಳ:
ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದ ಹತ್ತಿರದವಳು. ಶಾಲೆ ಕನ್ನಡ ಮಾಧ್ಯಮ, ಕಾಲೇಜು ಕಾಸರಗೋಡಿನಲ್ಲಿ. ಎರಡು ವರ್ಷದಿಂದ ಮನೆಯಲ್ಲೇ ಕೂತು ಮಕ್ಕಳ ಪುಸ್ತಕಕ್ಕೆ ಆಗುವಂಥ ಚಿತ್ರ ಬಿಡಿಸುತ್ತಿದ್ದೇನೆ, ಸ್ವಲ್ಪ ಜಲವರ್ಣ, ಸ್ವಲ್ಪ ಐಪ್ಯಾಡ್. ಇಪ್ಪತ್ತು ಚಿತ್ರ ಆಗಿದೆ, ಒಂದೂ ಅಚ್ಚಾಗಿಲ್ಲ.

ಈಗ ಯಾವ ಕಡೆ ಹೋಗಲಿ ಅಂತ ಗೊತ್ತಾಗುತ್ತಿಲ್ಲ. ಬೆಂಗಳೂರಿನ ಕನ್ನಡ ಪ್ರಕಾಶಕರಿಗೆ ಕಳಿಸಲಾ, ಕೋಟ್ಟಯಂ ಕೋಯಿಕ್ಕೋಡ್ ಕಡೆಗಾ, ಅಥವಾ ಸೀದಾ ಅಮೆರಿಕ, ಇಂಗ್ಲೆಂಡಿಗಾ? ಡಾಲರ್ ಸಿಗುವಾಗ ಇಲ್ಲಿ ಯಾಕೆ ಒದ್ದಾಡುತ್ತಿ ಅಂತ ಅಣ್ಣ. ಇದೆಲ್ಲ ಬಿಟ್ಟು ಪಿಎಸ್‌ಸಿ ಪರೀಕ್ಷೆ ಬರಿ ಅಂತ ಅಮ್ಮ. ಇನ್ನೊಂದು ಹೆದರಿಕೆ, ನನ್ನ ಚಿತ್ರದಲ್ಲೆಲ್ಲ ಅಡಿಕೆ ಒಣಗುವ ಅಂಗಳ, ಹಾಳೆಟೊಪ್ಪಿ (ಅಡಿಕೆ ಹಾಳೆಯಲ್ಲಿ ಮಾಡುವ ಟೊಪ್ಪಿ), ಮಳೆ, ಇಷ್ಟೇ. ಹೊರಗಿನವರಿಗೆ ಇದು ಬೇಕಾ?

ಹಳೇಕುಂಚ:
ತಂಗೀ, ಕನ್ನಡದ ಕಡೆಯದ್ದು ಹೇಳುತ್ತೇನೆ, ಇಪ್ಪತ್ತು ವರ್ಷ ಅದರಲ್ಲೇ ಇದ್ದೇನೆ. ಕನ್ನಡದಲ್ಲಿ ಕೆಲಸ ಇದೆ, ಆದರೆ ಜಾಸ್ತಿ ಬರುವುದು ಮುಖಪುಟ, ಇಲ್ಲದಿದ್ದರೆ ಒಳಪುಟಕ್ಕೆ ಕಪ್ಪು ಗೆರೆಯ ಚಿತ್ರ. ಪುಟ ಪುಟವೂ ಬಣ್ಣದ ಪುಸ್ತಕ ಮಾಡಲು ಪ್ರಕಾಶಕರು ಹಿಂದೆ ಮುಂದೆ ನೋಡುತ್ತಾರೆ. ಸಾವಿರ ಪ್ರತಿ ಮಾತ್ರ ಹಾಕಿದರೆ ಒಂದೊಂದರ ಖರ್ಚು ಮೇಲೆ ಹೋಗುತ್ತದೆ, ಬೆಲೆ ಏರಿಸಿದರೆ ಅಪ್ಪ ಅಮ್ಮ ತೆಗೆದುಕೊಳ್ಳುವುದಿಲ್ಲ. ದುಡ್ಡು ಒಂದೇ ಸಲದ್ದು, ರಾಯಲ್ಟಿ, ಅಂದರೆ ಪುಸ್ತಕ ಮಾರಾಟ ಆದ ಹಾಗೆ ಸಿಗುವ ಪಾಲು, ಕೇಳಿದರೆ ನಗುತ್ತಾರೆ. ನನ್ನ ಮೊದಲ ಮುಖಪುಟದ ದುಡ್ಡು ಮಂಗಳೂರಿಗೆ ಹೋಗಿ ಬಣ್ಣ ತರುವಷ್ಟರಲ್ಲಿ ಮುಗಿದಿತ್ತು. ಒಳ್ಳೆಯದೂ ಇದೆ: ಫೋನಿನಲ್ಲಿ ಮಾತಾಡಿ ವಾರದಲ್ಲಿ ಕೆಲಸ ಮುಗಿಯುತ್ತದೆ, ಹೆಸರು ಹಾಕುತ್ತಾರೆ, ಆ ಹೆಸರು ನೋಡಿ ಇನ್ನೊಬ್ಬರು ಕರೆಯುತ್ತಾರೆ.

ಒಂದು ಮಾತ್ರ ನೆನಪಿಡು. ನಾನು ಒಂದು ಕಡೆಗೆ ಬಿಡಿಸಿದ ಮುಖಪುಟ ಮರುವರ್ಷ ಅವರ ಕ್ಯಾಲೆಂಡರಿನಲ್ಲಿ ಬಂತು, ಆಮೇಲೆ ಬೇರೆ ಪುಸ್ತಕದ ಮೇಲೂ ಬಂತು. ಕೇಳಿದರೆ ದುಡ್ಡು ಕೊಟ್ಟಿದ್ದೇವಲ್ಲ ಅಂದರು. ಕಾಗದ ಪತ್ರ ಏನೂ ಮಾಡಿಕೊಂಡಿರಲಿಲ್ಲ, ತಪ್ಪು ನನ್ನದೂ ಹೌದು. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಓದಿ ನೋಡು. ದುಡ್ಡು ಕೊಟ್ಟು ಬರೆಸಿದ ಪೇಂಟಿಂಗಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು. ಅದಕ್ಕೆ ಹಕ್ಕು ನನ್ನದು, ಈ ಒಂದು ಪುಸ್ತಕಕ್ಕೆ ಮಾತ್ರ ಬಳಸಬಹುದು ಅಂತ ಎರಡು ಸಾಲಾದರೂ ಬರಹದಲ್ಲಿ ಬೇಕು, ಅದೂ ಕೆಲಸ ಶುರು ಮಾಡುವ ಮೊದಲು. ಹಕ್ಕು ಬರೆದುಕೊಡಲೇಬೇಕಾಗಿ ಬಂದರೆ ಎಷ್ಟು ವರ್ಷಕ್ಕೆ ಅಂತ ಸೇರಿಸು. 19ನೇ ಸೆಕ್ಷನ್ ಪ್ರಕಾರ ಅವಧಿ ಹೇಳದಿದ್ದರೆ 5 ವರ್ಷ, ಜಾಗ ಹೇಳದಿದ್ದರೆ ಭಾರತ ಮಾತ್ರ. ಆದರೆ "ಶಾಶ್ವತ, ಇಡೀ ಜಗತ್ತು" ಅಂತ ಅವರೇ ಅಚ್ಚು ಮಾಡಿಸಿ ತಂದ ಕಾಗದಕ್ಕೆ ಸಹಿ ಹಾಕಿದರೆ ಮುಗಿಯಿತು.

ಗಡಿಯಾಚೆ:
ಮಾರಾಯ್ರೇ, ಕನ್ನಡವಾ ಮಲಯಾಳವಾ ಅನ್ನುವ ಪ್ರಶ್ನೆಯೇ ನಮ್ಮ ಊರಿನವರಿಗೆ ಸುಮ್ನೆ ತಲೆನೋವು. ಸಣ್ಣವರಿದ್ದಾಗ ಬಾಲಮಂಗಳ ಪತ್ರಿಕೆಯಲ್ಲಿ ಡಿಂಗ ಅನ್ನುವ ಇಲಿಯ ಕಥೆ ಓದಿದ್ದೀರಲ್ವಾ? ಅವನು ಮಲಯಾಳದ ಡಿಂಕನ್ ಅಂತ ನನಗೆ ಗೊತ್ತಾದದ್ದು ದೊಡ್ಡವನಾದ ಮೇಲೆ. ಮಾತು ಬದಲಾಯಿತು, ಇಲಿ ಅದೇ ಇಲಿ.

ಅದಕ್ಕೆ ಭಾಷೆ ನೋಡಬೇಡಿ, ಎಂಥ ಪುಸ್ತಕ ಅಂತ ನೋಡಿ. ನಿಮ್ಮದು ಪುಟ ತುಂಬಾ ಚಿತ್ರ ಇರುವ ಮಕ್ಕಳ ಪುಸ್ತಕ ಅಂತಾದರೆ ಒಂದೇ ಚಿತ್ರವನ್ನು ಹಲವು ಭಾಷೆಯಲ್ಲಿ ಅಚ್ಚು ಮಾಡುವವರ ಹತ್ತಿರ ಹೋಗಿ. ಚೆನ್ನೈಯ ತೂಲಿಕಾ ಕನ್ನಡ, ಮಲಯಾಳ, ತಮಿಳು ಎಲ್ಲದರಲ್ಲೂ ತರುತ್ತದೆ. ಬೆಂಗಳೂರಿನಲ್ಲಿ 2004ರಿಂದ ಪ್ರಥಮ್ ಬುಕ್ಸ್ ಇದೆ, ಅವರ ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ವೆಬ್‌ಸೈಟ್ 2015ರಲ್ಲಿ ಶುರುವಾಯಿತು. ಅಲ್ಲಿ ಕಥೆ, ಚಿತ್ರ ಎಲ್ಲ ಮುಕ್ತ ಪರವಾನಗಿಯಲ್ಲಿ ಹೋಗುತ್ತದೆ. ಅಂದರೆ ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ ಆ ಚಿತ್ರ ಬಳಸಬಹುದು, ಬದಲಾಯಿಸಲೂಬಹುದು. ಹೆಸರು ಹರಡುವುದಕ್ಕೆ ಒಳ್ಳೆಯದು, ಆದರೆ ಹಳೇಕುಂಚ ಅಣ್ಣನ ಹಾಗೆ ಕ್ಯಾಲೆಂಡರ್ ನೋಡಿ ಬೇಜಾರಾಗುವವರು ಮೊದಲೇ ಯೋಚಿಸಿ. ನನಗೆ ಬೇಜಾರಾಗಲಿಲ್ಲ, ನಾನು ಬಿಡಿಸಿದ ಆನೆ ಗೊತ್ತಿಲ್ಲದ ಲಿಪಿಯಲ್ಲಿ ಮಾತಾಡುವುದು ಕಂಡರೆ ಖುಷಿಯೇ.

ಒಂದು ಕಿವಿಮಾತು, ಅಕ್ಷರಕ್ಕೆ ಜಾಗ ಬಿಡಿ. ಇಂಗ್ಲಿಷಿನ ಎರಡು ಸಾಲು ಮಲಯಾಳಕ್ಕೆ ಹೋದರೆ ಉದ್ದ ಆಗುತ್ತದೆ, ಕನ್ನಡದ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ನಾನು ಮೊದಲ ಸಲ ಆಕಾಶವೆಲ್ಲ ಹಕ್ಕಿ ತುಂಬಿಸಿ, ಆಮೇಲೆ ಅರ್ಧ ಹಕ್ಕಿ ಓಡಿಸಬೇಕಾಯಿತು.

ಉಪ್ಪಳ_ಪೆನ್ಸಿಲ್:
ಡಾಲರಿನ ವಿಷಯ ನಾನು ಹೇಳುತ್ತೇನೆ. ನಿಮ್ಮ ಅಣ್ಣ ಹೇಳಿದ್ದು ಸುಳ್ಳಲ್ಲ, ಆದರೆ ದಾರಿ ಉದ್ದ. ಅಮೆರಿಕದ ದೊಡ್ಡ ಪ್ರಕಾಶಕರಲ್ಲಿ ಹೆಚ್ಚಿನವರು ಏಜೆಂಟ್, ಅಂದರೆ ನಮ್ಮ ಪರವಾಗಿ ಪ್ರಕಾಶಕರ ಹತ್ತಿರ ಮಾತಾಡುವವರ ಮೂಲಕ ಬಂದದ್ದನ್ನೇ ನೋಡುತ್ತಾರೆ. ಕಥೆ ಬರೆಯುವವರನ್ನು ನೀವು ಹುಡುಕಬೇಕಾಗಿಲ್ಲ, ಕಥೆಗೆ ಚಿತ್ರಗಾರರನ್ನು ಅವರೇ ಜೋಡಿಸುತ್ತಾರೆ. ಸಾಮಾನ್ಯವಾಗಿ 32 ಪುಟ. ಮುಂಗಡ ಕೊಡುತ್ತಾರೆ, ಅದು ರಾಯಲ್ಟಿಯ ಲೆಕ್ಕದಲ್ಲಿ ತೀರುವವರೆಗೆ ಮತ್ತೆ ಬಿಡಿಗಾಸಿಲ್ಲ, ಆ ರಾಯಲ್ಟಿಯಲ್ಲೂ ಲೇಖಕರಿಗೆ ಪಾಲು. ಅಮೆರಿಕದಿಂದ ಬರುವ ರಾಯಲ್ಟಿಗೆ ಡಬ್ಲ್ಯೂ-8ಬೆನ್ (W-8BEN) ಅನ್ನುವ, ನಾವು ಅಮೆರಿಕದವರಲ್ಲ ಅಂತ ತಿಳಿಸುವ ತೆರಿಗೆ ಫಾರ್ಮ್ ತುಂಬಿ ಕೊಡಬೇಕು, ಕೊಡದಿದ್ದರೆ 30% ತೆರಿಗೆ ಅಲ್ಲೇ ಹಿಡಿಯುತ್ತಾರೆ.

ಇಂಗ್ಲೆಂಡಿನ ಲೆಕ್ಕ ಬೇರೆ. ಅವರಿಗೆ ಅಲ್ಲಿನ ಮಾರಾಟ ಮಾತ್ರ ಸಾಲುವುದಿಲ್ಲ, ಫ್ರಾನ್ಸ್ ಜರ್ಮನಿಯವರನ್ನೂ ಸೇರಿಸಿಕೊಂಡು ಒಟ್ಟಿಗೆ ಅಚ್ಚು ಹಾಕುತ್ತಾರೆ. ಅಚ್ಚಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಪ್ಲೇಟ್ ಇರುತ್ತದೆ; ಬೇರೆ ಬಣ್ಣದ್ದು ಎಲ್ಲರಿಗೂ ಒಂದೇ, ಅಕ್ಷರ ಇರುವ ಕಪ್ಪು ಪ್ಲೇಟ್ ಮಾತ್ರ ಭಾಷೆಗೆ ತಕ್ಕ ಹಾಗೆ ಬದಲಾಗುತ್ತದೆ. ಅದಕ್ಕೇ ಅಕ್ಷರ ಕಪ್ಪಿನಲ್ಲೇ ಇರಬೇಕು, ಚಿತ್ರದ ಒಳಗೆ ಬೋರ್ಡು ಗೀರ್ಡು ಬರೆಯುವ ಹಾಗಿಲ್ಲ. ಗಡಿಯಾಚೆಯವರು ಹೇಳಿದ್ದೂ ಇದನ್ನೇ ಅಲ್ವಾ, ಚೆನ್ನೈ ಆದರೇನು ಲಂಡನ್ ಆದರೇನು.

ಹಾಳೆಟೊಪ್ಪಿ ಬೇಕಾ ಅಂತ ಕೇಳಿದಿರಿ. ಟೊಪ್ಪಿಯಿಂದ ತೊಂದರೆ ಇಲ್ಲ. ಅವರು ನೋಡುವುದು ಅದೇ ಹುಡುಗಿ ಐದು ಚಿತ್ರದಲ್ಲೂ ಅದೇ ಹುಡುಗಿಯಾಗಿ ಕಾಣುತ್ತಾಳಾ, ಅಳುವಾಗ, ಓಡುವಾಗ, ಬೆನ್ನು ಹಾಕಿದಾಗಲೂ. ಇಟಲಿಯ ಬೊಲೊನ್ಯಾ ಮಕ್ಕಳ ಪುಸ್ತಕ ಮೇಳದ ಚಿತ್ರಗಾರರ ಪ್ರದರ್ಶನಕ್ಕೆ ಕೇಳುವುದು ಐದೇ ಚಿತ್ರ. ಆಯ್ಕೆ ಆಗದಿದ್ದರೂ ಅದಕ್ಕೆಂದು ಐದು ಮಾಡಿ, ಅದನ್ನೇ ಚೆನ್ನೈಗೆ, ಬೆಂಗಳೂರಿಗೆ ಕಳಿಸಬಹುದು. ಮೊದಲ ಒಂದೆರಡು ಪುಸ್ತಕ ಇಲ್ಲೇ ಆಗಲಿ, ಕೈಯಲ್ಲಿ ಅಚ್ಚಾದ ಪುಸ್ತಕ ಇದ್ದರೆ ಏಜೆಂಟಿಗೆ ಬರೆಯುವ ಮಾತಿಗೂ ತೂಕ ಬರುತ್ತದೆ.

ಅಡಿಕೆಅಂಗಳ:
ತುಂಬಾ ಥ್ಯಾಂಕ್ಸ್. ಈಗಷ್ಟೇ ಎಣಿಸಿದೆ, ಇಪ್ಪತ್ತರಲ್ಲಿ ಏಳು ಚಿತ್ರದಲ್ಲಿ ಬಸ್ಸಿನ ಬೋರ್ಡು ಇದೆ, ಅಂಗಡಿ ಹೆಸರಿದೆ, ಎಲ್ಲ ಕನ್ನಡ ಮಲಯಾಳ ಎರಡರಲ್ಲೂ! ಒಂದೇ ಹುಡುಗಿ ಇರುವುದು ಎರಡೇ ಚಿತ್ರದಲ್ಲಿ. ಬಸ್ಸೆಲ್ಲ ತೆಗೆದುಬಿಡಬೇಕಾ?

ಗಡಿಯಾಚೆ:
ಬಸ್ಸು ಯಾಕೆ ತೆಗೆಯುತ್ತೀರಿ? ಐಪ್ಯಾಡಿನದ್ದಾದರೆ ಬೋರ್ಡಿನ ಅಕ್ಷರ ಬೇರೆ ಲೇಯರಿನಲ್ಲಿ ಇಡಿ. ಜಲವರ್ಣದಲ್ಲಿ ಬೋರ್ಡು ಖಾಲಿ ಬಿಡಿ, ಸ್ಕ್ಯಾನ್ ಮಾಡಿದ ಮೇಲೆ ಬರೆದರಾಯಿತು. ಆ ಹುಡುಗಿಯನ್ನು ಅದೇ ಬಸ್ಸಿಗೆ ಹತ್ತಿಸಿ, ಇನ್ನೂ ಮೂರು ಚಿತ್ರ ಬೇಕಲ್ವಾ.