ಗಂಡ ತೀರಿಕೊಂಡಿದ್ದಾರೆ, ಸೈಟು ಮಾರಬೇಕು, ಮಕ್ಕಳಿನ್ನೂ ಮೈನರ್. ನಾನು ಸಹಿ ಹಾಕಿದರೆ ಸಾಕಾ?

ಇಬ್ಬರು ಮಕ್ಕಳ ಅಮ್ಮ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ನನ್ನ ಯಜಮಾನರು ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ವಿಲ್ ಬರೆದಿರಲಿಲ್ಲ. ಮಗಳಿಗೆ 14, ಮಗನಿಗೆ 9. ಅವರು ಸಂಬಳದ ದುಡ್ಡಲ್ಲಿ ತಗೊಂಡ ಒಂದು ಸೈಟಿದೆ, ಅವರೊಬ್ಬರ ಹೆಸರಲ್ಲೇ ಇತ್ತು. ಅತ್ತೆ ಇದ್ದಾರೆ, ಮಾವ ಇಲ್ಲ. ಆಸ್ಪತ್ರೆ ಖರ್ಚಿಗೆ ಮಾಡಿದ ಸಾಲ ಹಾಗೇ ನಿಂತಿದೆ, ಬಡ್ಡಿ ಬೆಳೆಯುತ್ತಿದೆ, ನನ್ನ ಸಂಬಳ ಮನೆ ಬಾಡಿಗೆಗೂ ಸ್ಕೂಲ್ ಫೀಸಿಗೂ ಸರಿಹೋಗುತ್ತದೆ. ಅದಕ್ಕೇ ಸೈಟು ಮಾರೋಣ ಅಂತ ತೀರ್ಮಾನ ಮಾಡಿದೆ. ಕೊಳ್ಳುವವರೂ ಸಿಕ್ಕಿದ್ದಾರೆ.

ಬ್ರೋಕರ್ ಹೇಳುವುದು, ನೀವು ತಾಯಿ, ಮಕ್ಕಳ ಪರವಾಗಿ ನೀವೇ ಗಾರ್ಡಿಯನ್ ಅಂತ ಸಹಿ ಹಾಕಿ, ಅತ್ತೆ ಕೈಲೂ ಹಾಕಿಸಿ, ಮುಗೀತು. ಆದರೆ ಕೊಳ್ಳುವವರು ಸಾಲಕ್ಕೆ ಹೋದ ಬ್ಯಾಂಕಿನ ವಕೀಲರು ಕೋರ್ಟ್ ಪರ್ಮಿಷನ್ ಕೇಳಿದ್ದಾರಂತೆ. ನನ್ನ ಸ್ವಂತ ಮಕ್ಕಳ ವಿಷಯಕ್ಕೆ ನಾನೇ ಕೋರ್ಟಿಗೆ ಹೋಗಿ ಅನುಮತಿ ಕೇಳಬೇಕಾ? ಇದು ನಿಜವಾ, ಇಲ್ಲಾ ಅತಿ ಎಚ್ಚರಿಕೆಯಾ?

ಇನ್ನೊಂದು ವಿಷಯ. ಊರಿನ ಪಿತ್ರಾರ್ಜಿತ ಜಮೀನಲ್ಲಿ ಮಕ್ಕಳ ಪಾಲನ್ನು ಬಿಟ್ಟುಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಅಂತ ಮೈದುನ ಕೇಳುತ್ತಿದ್ದಾರೆ. "ಹೇಗೂ ಅವರು ಊರಿಗೆ ಬಂದು ಬೇಸಾಯ ಮಾಡಲ್ಲ, ಅತ್ತಿಗೆ" ಅನ್ನುತ್ತಾರೆ. ಕೆಟ್ಟವರಲ್ಲ, ಕಷ್ಟದಲ್ಲಿ ಜೊತೆಗೆ ನಿಂತವರು. ಅದಕ್ಕೇ ಇಲ್ಲ ಅನ್ನಲು ಬಾಯಿ ಬರುತ್ತಿಲ್ಲ.

ಗೊತ್ತಿರುವವರು ದಯವಿಟ್ಟು ಹೇಳಿ.

ಹೊಂಗೆ ನೆರಳು:

ಮೇಡಂ, ಸುಮ್ನೆ ಹೆದರಬೇಡಿ. ನಮ್ಮ ನೆಂಟರ ಮನೆಯಲ್ಲೂ ಹೀಗೇ ಆಗಿತ್ತು, ತಾಯಿ ಸಹಿ ಹಾಕಿದರು, ರಿಜಿಸ್ಟ್ರೇಷನ್ ಆಯಿತು, ಯಾರೂ ಏನೂ ಕೇಳಲಿಲ್ಲ. ಹೆತ್ತ ತಾಯಿಗಿಂತ ದೊಡ್ಡ ಗಾರ್ಡಿಯನ್ ಯಾರಿದ್ದಾರೆ? ಕೋರ್ಟು ಕಚೇರಿ ಅಂತ ಹೋದರೆ ವರ್ಷಗಟ್ಟಲೆ ಅಲೆಯಬೇಕು.

ಸಿವಿಲ್ ವಕೀಲ:

ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ರಿಜಿಸ್ಟ್ರೇಷನ್ ಆಗುವುದು ಬೇರೆ, ಆ ಕ್ರಯ ಮುಂದೆ ನಿಲ್ಲುವುದು ಬೇರೆ. ನಾನು ಸಿವಿಲ್ ಕೇಸುಗಳನ್ನೇ ನಡೆಸುವವನು, ಈ ಒಂದು ತಪ್ಪಿನಿಂದ ಹುಟ್ಟಿದ ದಾವೆಗಳನ್ನು ಬಹಳ ನೋಡಿದ್ದೇನೆ.

ಮೊದಲು ಸೈಟಿನಲ್ಲಿ ಯಾರಿಗೆಷ್ಟು ಅಂತ ನೋಡಿ. ನೀವು ಹಿಂದೂಗಳು ಅಂತ ಭಾವಿಸಿ ಹೇಳುತ್ತಿದ್ದೇನೆ. ಸ್ವಂತ ದುಡಿಮೆಯ ಆಸ್ತಿ, ವಿಲ್ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ತಾಯಿ, ಮಗ, ಮಗಳು, ನಾಲ್ವರಿಗೂ ಸಮಪಾಲು. ಅಂದರೆ ಸೈಟಿನ ಅರ್ಧ ಭಾಗ ನಿಮ್ಮ ಮಕ್ಕಳದ್ದು. ಖಾತೆ ನಿಮ್ಮ ಹೆಸರಿಗೆ ಆಗಿದ್ದರೂ ಅದು ಬದಲಾಗುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಅದೇ 1956ರಲ್ಲಿ ಬಂದ ಇನ್ನೊಂದು ಕಾಯ್ದೆ ಇದೆ, ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ. ತಂದೆ ಇಲ್ಲದಿರುವಾಗ ತಾಯಿಯೇ ಸಹಜ ಪಾಲಕಿ, ಅದರಲ್ಲಿ ಅನುಮಾನವೇ ಇಲ್ಲ. ಆದರೆ 8ನೇ ಕಲಂ ಏನು ಹೇಳುತ್ತದೆ ಅಂದರೆ, ಸಹಜ ಪಾಲಕರೇ ಆಗಿದ್ದರೂ ಮೈನರ್ ಮಕ್ಕಳ ಸ್ಥಿರಾಸ್ತಿಯನ್ನು ಕೋರ್ಟಿನ ಅನುಮತಿ ಮೊದಲೇ ಪಡೆಯದೆ ಮಾರುವಂತಿಲ್ಲ, ಅಡ ಇಡುವಂತಿಲ್ಲ, ದಾನ ಮಾಡುವಂತಿಲ್ಲ, ಐದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಲೀಸಿಗೆ ಕೊಡುವಂತೆಯೂ ಇಲ್ಲ. ಇದು ತಾಯಿಯ ಮೇಲಿನ ಅಪನಂಬಿಕೆಯಿಂದ ಬಂದದ್ದಲ್ಲ, ತಂದೆ ಬದುಕಿದ್ದರೆ ಅವರಿಗೂ ಇದೇ ನಿಯಮ.

ಅನುಮತಿ ಇಲ್ಲದೆ ಮಾರಿದರೆ ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ಅದೇ ಜನರನ್ನು ದಾರಿ ತಪ್ಪಿಸುವುದು. ಮಕ್ಕಳಿಗೆ 18 ತುಂಬಿದ ಮೇಲೆ ಮೂರು ವರ್ಷದೊಳಗೆ ತಮ್ಮ ಪಾಲಿನ ಮಟ್ಟಿಗೆ ಆ ಕ್ರಯವನ್ನು ರದ್ದು ಮಾಡಿಸಬಹುದು. ದಾವೆ ಹಾಕಲೇಬೇಕು ಅಂತಲೂ ಇಲ್ಲ, ಮಕ್ಕಳು ದೊಡ್ಡವರಾಗಿ ಅದೇ ಆಸ್ತಿಯನ್ನು ತಾವೇ ಬೇರೆಯವರಿಗೆ ಮಾರಿದರೂ ಹಳೆಯ ಕ್ರಯವನ್ನು ತಿರಸ್ಕರಿಸಿದಂತೆಯೇ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ನಮ್ಮ ಕರ್ನಾಟಕದ ಪ್ರಕರಣದಲ್ಲೇ ಹೇಳಿದೆ. ನಿಮ್ಮ ಮಗನಿಗೆ ಈಗ 9. ಅಂದರೆ ಕೊಳ್ಳುವವರ ತಲೆ ಮೇಲೆ ಇನ್ನು ಹನ್ನೆರಡು ವರ್ಷ ಕತ್ತಿ. ಬ್ಯಾಂಕಿನ ವಕೀಲರು ಕೇಳಿದ್ದು ಸರಿಯಾಗಿಯೇ ಇದೆ.

ನಿಮ್ಮ ಸ್ವಂತ ಕಾಲು ಪಾಲು ಮಾರಲು ಅನುಮತಿ ಬೇಡ. ಅತ್ತೆಯವರ ಪಾಲಿಗೂ ಬೇಡ, ಅವರು ಸಹಿ ಹಾಕಿದರೆ ಸಾಕು. ಆದರೆ ಅರ್ಧ ಸೈಟು ಯಾರು ತಗೊಳ್ತಾರೆ ಅಲ್ವಾ?

ಜಮೀನಿನ ವಿಷಯ ಸಂಜೆ ಬರೆಯುತ್ತೇನೆ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಮುಂಗಡವನ್ನೂ ತಗೋಬೇಡಿ.

ಹಳೇ ಸ್ಲೇಟು:

ವಕೀಲರು ಹೇಳಿದ್ದರಲ್ಲಿ ಆ ಮಗು ನಾನೇ. ಅದಕ್ಕೆ ಬರೆಯುತ್ತಿದ್ದೇನೆ.

ಅಪ್ಪ ಹೋದಾಗ ನನಗೆ ಏಳು ವರ್ಷ. ಅಮ್ಮ ಮನೆ ಪಕ್ಕದ ಜಾಗ ಮಾರಿದರು, ನನ್ನ ಪಾಲೂ ಸೇರಿಸಿ, ಯಾವ ಅನುಮತಿಯೂ ಇಲ್ಲದೆ. ಯಾರೂ ಅವರಿಗೆ ಹೇಳಿರಲಿಲ್ಲ. ತಗೊಂಡವರು ಅಲ್ಲಿ ಮನೆ ಕಟ್ಟಿದರು, ಅವರ ಮಗ ನನ್ನ ಕ್ಲಾಸ್‌ಮೇಟು. ನನಗೆ 18 ಆದ ವರ್ಷ ಸಂಬಂಧಿಕರೊಬ್ಬರು ಬಂದು, ಕೇಸು ಹಾಕು, ಜಾಗ ವಾಪಸ್ ಬರುತ್ತೆ, ಖರ್ಚು ನಾನು ನೋಡ್ಕೋತೀನಿ ಅಂದರು. ಅಮ್ಮ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು. ಆ ರಾತ್ರಿ ಊಟ ಮಾಡಲಿಲ್ಲ. ಆ ದುಡ್ಡು ಯಾವುದಕ್ಕೆ ಹೋಯಿತು ಅಂತ ಒಂದೊಂದೇ ಹೇಳಿದರು, ನನ್ನ ಸ್ಕೂಲಿಗೆ ಇಷ್ಟು, ಅಕ್ಕನ ಆಪರೇಷನ್‌ಗೆ ಇಷ್ಟು, ಕಳ್ಳತನ ಮಾಡಿದವರು ಲೆಕ್ಕ ಒಪ್ಪಿಸುವ ಹಾಗೆ. ನಾನು ಅವರಿಂದ ಲೆಕ್ಕ ಕೇಳಿರಲೇ ಇಲ್ಲ.

ಕೇಸು ಹಾಕಲಿಲ್ಲ. ಆದರೆ ಪಕ್ಕದ ಮನೆಯವರು ನಿದ್ದೆ ಮಾಡಲಿಲ್ಲ. ನನಗೆ 20 ಆಗುವವರೆಗೂ ಆ ಯಜಮಾನರು ದಾರಿಯಲ್ಲಿ ಸಿಕ್ಕಾಗಲೆಲ್ಲ ಏನೋ ಕೇಳಬೇಕು ಅಂತ ನಿಂತು, ಕೇಳದೆ ಹೋಗುತ್ತಿದ್ದರು. ಕೊನೆಗೆ ನಾನೇ ಹೋಗಿ ಆ ಕ್ರಯಕ್ಕೆ ನನ್ನ ಒಪ್ಪಿಗೆ ಇದೆ ಅಂತ ಬರೆದು ಕೊಟ್ಟೆ.

ಅಕ್ಕಾ, ಒಂದು ಆದೇಶದ ಕಾಗದ ಇದ್ದಿದ್ದರೆ ನಮ್ಮಮ್ಮ ಮಗನ ಮುಂದೆ ಹಾಗೆ ನಿಲ್ಲಬೇಕಾಗಿರಲಿಲ್ಲ. ನೀವು ಮಕ್ಕಳಿಗೆ ಮೋಸ ಮಾಡುತ್ತೀರಿ ಅಂತ ಯಾರೂ ಅಂದುಕೊಂಡಿಲ್ಲ. ಆ ಕಾಗದ ನಿಮಗೂ ರಕ್ಷಣೆ.

ಇಬ್ಬರು ಮಕ್ಕಳ ಅಮ್ಮ:

ನಿಮ್ಮ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಇದನ್ನು ಹಂಚಿಕೊಂಡಿದ್ದಕ್ಕೆ ಥ್ಯಾಂಕ್ಸ್.

ವಕೀಲರೇ, ಅನುಮತಿ ಪಡೆಯುವುದು ಹೇಗೆ? ಕೋರ್ಟ್ ಬೇಡ ಅಂದುಬಿಟ್ಟರೆ? ಬಂದ ದುಡ್ಡನ್ನು ಸಾಲಕ್ಕೆ ಕಟ್ಟಲು ಬಿಡುತ್ತಾರಾ?

ಕಿಟಕಿ ಪಕ್ಕದ ಸೀಟು:

ವಕೀಲರು ಬರುವ ಮುಂಚೆ ನನ್ನ ಅನುಭವ ಹೇಳುತ್ತೇನೆ. ನಾನೂ ನಿಮ್ಮ ಥರವೇ, ಮೂರು ವರ್ಷದ ಹಿಂದೆ ಈ ಅನುಮತಿ ತಗೊಂಡೆ. ನನಗೆ ಏಳು ತಿಂಗಳು ಹಿಡಿಯಿತು. ಆಸ್ತಿ ಎಲ್ಲಿದೆಯೋ ಅಲ್ಲಿನ ಕೋರ್ಟಿನಲ್ಲಿ ಅರ್ಜಿ ಹಾಕಿದೆವು. ಮರಣ ಪ್ರಮಾಣಪತ್ರ, ವಂಶವೃಕ್ಷ, ಮಕ್ಕಳ ಜನನ ಪ್ರಮಾಣಪತ್ರ, ಸೈಟಿನ ಕಾಗದ, ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ), ಸಾಲದ ಪತ್ರಗಳು, ಸ್ಕೂಲ್ ಫೀಸ್ ರಸೀದಿ, ಎಲ್ಲಾ ಕೊಟ್ಟೆ. ರಸೀದಿಗಳನ್ನು ಎಸೆಯಬೇಡಿ, ಸಣ್ಣದೂ ಉಪಯೋಗಕ್ಕೆ ಬರುತ್ತದೆ. ಈಗಿನ ಬೆಲೆ ಎಷ್ಟು ಅಂತ ತೋರಿಸುವುದಕ್ಕೂ ಕಾಗದ ಬೇಕಾಯಿತು, ಕಡಿಮೆ ಬೆಲೆಗೆ ಮಾರುತ್ತಿಲ್ಲ ಅಂತ ಕೋರ್ಟಿಗೆ ಗೊತ್ತಾಗಬೇಕಲ್ಲ. ಹತ್ತಿರದ ಸಂಬಂಧಿಕರಿಗೆ ನೋಟಿಸ್ ಹೋಯಿತು. ಅದಕ್ಕೆ ಮೊದಲೇ ನಿಮ್ಮ ಅತ್ತೆಗೆ, ಮೈದುನನಿಗೆ ವಿಷಯ ಹೇಳಿಡಿ. ನಾನು ಹೇಳಿರಲಿಲ್ಲ, ನೋಟಿಸ್ ನೋಡಿ ನಮ್ಮತ್ತೆ ನಾನು ಅವರ ಮೇಲೆ ಕೇಸು ಹಾಕಿದ್ದೇನೆ ಅಂದುಕೊಂಡು ಎರಡು ವಾರ ಮಾತಾಡಲಿಲ್ಲ.

ನ್ಯಾಯಾಧೀಶರು ನನ್ನನ್ನು ಕೇಳಿದ್ದು ನೇರವಾದ ಪ್ರಶ್ನೆಗಳು. ಯಾಕೆ ಮಾರಬೇಕು, ಬೇರೆ ದಾರಿ ಇಲ್ಲವಾ, ಮಕ್ಕಳ ಪಾಲಿನ ದುಡ್ಡು ಏನು ಮಾಡ್ತೀರಿ. ಕೊನೆಗೆ ಮಕ್ಕಳ ಪಾಲಿನ ದೊಡ್ಡ ಭಾಗವನ್ನು ಅವರ ಹೆಸರಲ್ಲಿ 18 ಆಗುವವರೆಗೆ ಫಿಕ್ಸೆಡ್ ಡಿಪಾಸಿಟ್ ಇಡಿ, ಬಡ್ಡಿಯನ್ನು ಓದಿಗೆ ಬಳಸಿ ಅಂತ ಆದೇಶವಾಯಿತು. ಆಗ ಬೇಜಾರಾಗಿತ್ತು. ಈಗ ಆ ಎಫ್‌ಡಿ ಒಂದೇ ನನ್ನ ಧೈರ್ಯ.

ಸಿವಿಲ್ ವಕೀಲ:

ಮೇಲಿನವರು ಚೆನ್ನಾಗಿ ಹೇಳಿದ್ದಾರೆ, ನನ್ನ ಕೆಲಸ ಕಡಿಮೆಯಾಯಿತು.

ಕಾನೂನು ಕೋರ್ಟಿಗೆ ಹೇಳುವುದು ಇಷ್ಟೇ. ಮಾರಲೇಬೇಕಾದ ಅಗತ್ಯ ಇರಬೇಕು, ಇಲ್ಲವೇ ಮಗುವಿಗೆ ಅದರಿಂದ ಸ್ಪಷ್ಟ ಲಾಭ ಇರಬೇಕು. ಎರಡೂ ಇಲ್ಲದಿದ್ದರೆ ಅನುಮತಿ ಇಲ್ಲ. ಅರ್ಜಿಯಲ್ಲಿ ಬರೀ "ಹಣದ ಅವಶ್ಯಕತೆ ಇದೆ" ಅಂತ ಬರೆದರೆ ಸಾಲದು. ಸಾಲ ಎಷ್ಟು, ಯಾವ ಚಿಕಿತ್ಸೆಗೆ ಮಾಡಿದ್ದು, ಬಡ್ಡಿ ಎಷ್ಟು ಓಡುತ್ತಿದೆ, ಮಾರದಿದ್ದರೆ ಮಕ್ಕಳಿಗೆ ಏನು ತೊಂದರೆ, ಇದನ್ನೆಲ್ಲಾ ಬಿಡಿಸಿ ಬರೆಯಿರಿ. ಸಾಲವನ್ನು ಮೊದಲು ನಿಮ್ಮ ಪಾಲಿನಿಂದ ತೀರಿಸುತ್ತೇನೆ, ಮಕ್ಕಳ ಪಾಲಿನಿಂದ ಎಷ್ಟು ಕಡಿಮೆಯೋ ಅಷ್ಟು ಬಳಸುತ್ತೇನೆ ಅಂತ ಹೇಳಿದರೆ ಕೋರ್ಟ್ ಒಪ್ಪುವ ಸಾಧ್ಯತೆ ಜಾಸ್ತಿ. ಇದು ನನ್ನ ಅನುಭವದ ಮಾತು.

ಇನ್ನು ಜಮೀನು. ಇದನ್ನು ಸೈಟಿನ ಜೊತೆ ಕಲಸಬೇಡಿ. ಒಟ್ಟು ಕುಟುಂಬದ ಪಿತ್ರಾರ್ಜಿತ ಆಸ್ತಿಯ ಅವಿಭಜಿತ ಪಾಲಿಗೆ ಈ 8ನೇ ಕಲಂ ಅನ್ವಯವಾಗುವುದಿಲ್ಲ, ಅಲ್ಲಿ ಕುಟುಂಬದ ಅಗತ್ಯಕ್ಕೆ ಕರ್ತ, ಅಂದರೆ ಒಟ್ಟು ಕುಟುಂಬದ ಯಜಮಾನ, ಮಾರಬಹುದು. ಇದನ್ನೇ ಹಿಡಿದುಕೊಂಡು ಕೆಲವರು "ನೋಡಿ, ಅನುಮತಿ ಬೇಡ, ಸಹಿ ಹಾಕಿ" ಅನ್ನುತ್ತಾರೆ. ಆದರೆ ನಿಮ್ಮ ಮೈದುನ ಕೇಳುತ್ತಿರುವುದು ಮಾರಾಟವಲ್ಲ. ಮಕ್ಕಳ ಪಾಲನ್ನು ಸುಮ್ಮನೆ ಬಿಟ್ಟುಕೊಡುವುದು. ಮಕ್ಕಳದ್ದನ್ನು ಉಚಿತವಾಗಿ ಬಿಟ್ಟುಕೊಡುವ ಅಧಿಕಾರ ಪಾಲಕರಿಗಿಲ್ಲ, ನಿಮಗೂ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ನಂತರ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ, ಸುಪ್ರೀಂ ಕೋರ್ಟ್ 2020ರಲ್ಲಿ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಅವರಿಗೆ ಜಮೀನು ಬೇರೆ ಮಾಡಿಕೊಳ್ಳುವ ಅವಸರ ಇದ್ದರೆ ಸರಿಯಾಗಿ ವಿಭಾಗ ಪತ್ರ ಮಾಡಿ, ಮಕ್ಕಳ ಪಾಲು ಮಕ್ಕಳ ಹೆಸರಿಗೆ ಬರಲಿ. ಅದೂ ನ್ಯಾಯವಾಗಿರಬೇಕು, ಮೈನರ್‌ಗೆ ಅನ್ಯಾಯವಾದ ವಿಭಾಗವನ್ನು ಮುಂದೆ ಮತ್ತೆ ತೆರೆಸಬಹುದು. ಮೈದುನನಿಗೆ "ನಾನು ಕೊಡಲ್ಲ" ಅಂತ ಹೇಳಬೇಡಿ. "ಕೊಡಲು ನನಗೆ ಅಧಿಕಾರ ಇಲ್ಲವಂತೆ" ಅಂತ ಹೇಳಿ. ಅದು ನಿಜವೂ ಹೌದು, ಸಂಬಂಧವೂ ಉಳಿಯುತ್ತದೆ.

ನಾಲ್ಕು ದಾರಿ:

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನಾವು ಮುಸ್ಲಿಮರು. ನನ್ನ ತಂಗಿಯದ್ದೂ ಹೆಚ್ಚುಕಡಿಮೆ ಇದೇ ಕಥೆ. ಅವಳೂ ಇದೇ ಅರ್ಜಿ ಹಾಕಬೇಕಾ?

ಸಿವಿಲ್ ವಕೀಲ:

ಅವರಿಗೆ ಒಂದು ಹೆಜ್ಜೆ ಜಾಸ್ತಿ. ಮುಸ್ಲಿಂ ಕಾನೂನಿನಲ್ಲಿ ಮಕ್ಕಳ ಆಸ್ತಿಗೆ ತಂದೆ, ಅವರ ನಂತರ ತಂದೆಯ ತಂದೆ ಪಾಲಕರು, ಇಲ್ಲವೇ ಇವರು ವಿಲ್‌ನಲ್ಲಿ ನೇಮಿಸಿದವರು. ಮಕ್ಕಳು ತಾಯಿಯ ಬಳಿಯೇ ಬೆಳೆಯುತ್ತಿದ್ದರೂ ಆಸ್ತಿಯ ಮಟ್ಟಿಗೆ ತಾಯಿ ತಾನಾಗಿಯೇ ಪಾಲಕಿ ಆಗುವುದಿಲ್ಲ. ಅವರು ಮೊದಲು 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಡಿ ಕೋರ್ಟಿನಿಂದ ಪಾಲಕಿಯಾಗಿ ನೇಮಕವಾಗಬೇಕು, ಆಮೇಲೆ ಮಾರಲು ಅನುಮತಿ. ಹಾಗೆ ಮಾಡದೆ ತಾಯಿ ಮಾರಿದರೆ ಮಕ್ಕಳ ಪಾಲಿನ ಮಟ್ಟಿಗೆ ಆ ಕ್ರಯಕ್ಕೆ ಬೆಲೆಯೇ ಇಲ್ಲ. ತಾತ ಬದುಕಿದ್ದಾರಾ ಅಂತ ಮೊದಲು ತಿಳಿಸಿ.

ಫೀಸಿನ ಚಿಂತೆ ಇದ್ದರೆ ಇಬ್ಬರಿಗೂ ಒಂದು ಮಾತು. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಹೊಂಗೆ ನೆರಳು:

ನಾನು ಮೊದಲು ಬರೆದದ್ದು ತಪ್ಪು, ಮೇಡಂ, ಕ್ಷಮಿಸಿ. ನಮ್ಮ ನೆಂಟರ ಆ ಹುಡುಗನಿಗೆ ಈಗ 17. ಅವರಿಗೂ ಈ ವಿಷಯ ಹೇಳಬೇಕು.

ಇಬ್ಬರು ಮಕ್ಕಳ ಅಮ್ಮ:

ಐದು ದಿನದ ನಂತರ ಬರೆಯುತ್ತಿದ್ದೇನೆ. ಬ್ರೋಕರ್‌ಗೆ ಹೇಳಿದೆ, ಅನುಮತಿ ಬರುವವರೆಗೆ ಸಹಿ ಇಲ್ಲ, ಮುಂಗಡ ಬೇಡ. ಅವರು ಸಿಟ್ಟಾದರು. ಕೊಳ್ಳುವವರು ಮಾತ್ರ ಕಾಯುತ್ತೇವೆ ಅಂದರು, ಅವರ ಮನೆಯಲ್ಲೂ ಚಿಕ್ಕ ಮಕ್ಕಳಿದ್ದಾರಂತೆ. ಕಾನೂನು ಸೇವಾ ಸಮಿತಿಗೆ ಸೋಮವಾರ ಹೋಗುತ್ತಿದ್ದೇನೆ, ಅತ್ತೆಯೂ ಜೊತೆಗೆ ಬರುತ್ತಾರೆ. ನೋಟಿಸ್ ಬರುತ್ತದೆ ಅಂತ ಅವರಿಗೆ ಮೊದಲೇ ಹೇಳಿದ್ದೇನೆ.

ಮಗಳು ಪಕ್ಕದಲ್ಲಿ ಕೂತು ಇದನ್ನೆಲ್ಲಾ ಓದಿದಳು. "ಅಮ್ಮ, ಸೈಟಲ್ಲಿ ನನ್ನದೂ ಇದೆಯಾ?" ಅಂತ ಕೇಳಿದಳು. ಹೌದು, ಕಾಲು ಭಾಗ ನಿನ್ನದು, ಅಪ್ಪ ಕೊಟ್ಟಿದ್ದು ಅಂದೆ. ಯಾವ ಮೂಲೆ ತನ್ನದು ಅಂತ ಕೇಳಿದಳು. ಭಾನುವಾರ ಇಬ್ಬರನ್ನೂ ಕರೆದುಕೊಂಡು ಹೋಗಿ ತೋರಿಸಿ ಬರುತ್ತೇನೆ.