ದೊಡ್ಡಪ್ಪನ ಎಕ್ಸ್‌ರೇ ನೋಡಿದೆ, ಎಲ್ಲರೂ ಕೇಳಿಸಿಕೊಳ್ಳಿ
ಅಣ್ಣಾ, ನೀನು ಗ್ರೂಪಿಗೆ ಹಾಕಿದ ದೊಡ್ಡಪ್ಪನ ಎಕ್ಸ್‌ರೇ, ರಿಪೋರ್ಟ್ ಎರಡೂ ನೋಡಿದೆ. 'ಎಕ್ಸ್‌ರೇನಲ್ಲೇ ಟಿಬಿ ಅಂತ ಬಂತಲ್ಲ, ಇನ್ನು ಕಫ ಯಾಕೆ, ನಾಳೆಯಿಂದಲೇ ಮಾತ್ರೆ ಕೊಡಿಸೋಣ' ಅಂತ ಅತ್ತೆ ಕೇಳಿದ್ದಾರೆ. ಅತ್ತೆ, ದಯವಿಟ್ಟು ಕಫದ ಪರೀಕ್ಷೆ ಬಿಡಿಸಬೇಡಿ.

ಶ್ವಾಸಕೋಶದ ಮೇಲ್ಭಾಗದಲ್ಲಿ ಮಚ್ಚೆಗಳಿವೆ, ಟಿಬಿ ಇರಬಹುದು ಅಂತಷ್ಟೇ ರಿಪೋರ್ಟ್‌ನಲ್ಲಿದೆ. ಟಿಬಿ ಹೆಚ್ಚಾಗಿ ಅಲ್ಲೇ ಕಾಣುವುದು, ನಿಜ. ಆದರೆ ದೊಡ್ಡಪ್ಪ ಕೆಜಿಎಫ್ ಗಣಿಯೊಳಗೆ ಇಳಿದು ದುಡಿದವರು. 2001ರಲ್ಲಿ ಗಣಿ ಮುಚ್ಚುವವರೆಗೂ ಕಲ್ಲು ಕೊರೆದ ಧೂಳು ಕುಡಿದವರು. ಆ ಧೂಳಿನಿಂದ ಬರುವ ಸಿಲಿಕೋಸಿಸ್ ಕೂಡ ಮೇಲ್ಭಾಗದಲ್ಲೇ ಸಣ್ಣ ಸಣ್ಣ ಗಂಟಾಗಿ ಕಾಣುತ್ತದೆ. ಅದು ಇದ್ದವರಿಗೆ ಟಿಬಿ ಬರುವ ಸಾಧ್ಯತೆಯೂ ಜಾಸ್ತಿ. ಎರಡೂ ಇರಬಹುದು, ಒಂದೇ ಇರಬಹುದು. ಯಾವತ್ತೋ ಬಂದು ವಾಸಿಯಾದ ಟಿಬಿಯ ಕಲೆಯೂ ಫಿಲ್ಮ್‌ನಲ್ಲಿ ಉಳಿದಿರಬಹುದು.

ಹಾಗಂತ ಎಕ್ಸ್‌ರೇ ತೆಗೆಸಿದ್ದು ದಂಡ ಅಲ್ಲ. ಕೆಮ್ಮೇ ಇಲ್ಲದವರಲ್ಲೂ ಅದು ಸುಳಿವು ಕೊಡುತ್ತದೆ. 2024ರ ಡಿಸೆಂಬರ್‌ನಲ್ಲಿ ಶುರುವಾದ ಸರ್ಕಾರದ ನೂರು ದಿನದ ಟಿಬಿ ಅಭಿಯಾನದಲ್ಲಿ ಕೈಯಲ್ಲೇ ಹಿಡಿಯುವ ಎಕ್ಸ್‌ರೇ ಯಂತ್ರ ಬಳಸಿದ್ದು ಅದಕ್ಕೇ. ಆದರೆ ರೋಗಾಣು ಇದೆಯಾ ಅಂತ ಕಫವೇ ಹೇಳಬೇಕು.

ಕಫ ಪರೀಕ್ಷಿಸೋಕೆ ಸಿಬಿನ್ಯಾಟ್, ಟ್ರೂನ್ಯಾಟ್ ಅಂತ ಯಂತ್ರಗಳಿವೆ. ಒಂದೆರಡು ಗಂಟೆಯಲ್ಲಿ ರೋಗಾಣು ಇದೆಯಾ ಅಂತಲೂ, ಟಿಬಿಯ ಮುಖ್ಯ ಮಾತ್ರೆಯಾದ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದಾ ಅಂತಲೂ ತಿಳಿಯುತ್ತದೆ. ಇದು ಎಷ್ಟು ದೊಡ್ಡ ಡಾಕ್ಟರಿಗೂ ಎಕ್ಸ್‌ರೇನಲ್ಲಿ ಕಾಣುವುದಿಲ್ಲ. ಬಗ್ಗದ ರೋಗಾಣುವಿಗೆ ಮಾಮೂಲಿ ಆರು ತಿಂಗಳ ಮಾತ್ರೆ ನುಂಗಿಸಿದರೆ ದೊಡ್ಡಪ್ಪ ಇನ್ನೂ ಸೊರಗುತ್ತಾರೆ, ಮನೆಯ ಮಕ್ಕಳಿಗೂ ಅದೇ ಹರಡಬಹುದು. ನನಗೆ ಭಯ ಇರುವುದು ಇದೊಂದಕ್ಕೇ. ಕಫದಲ್ಲಿ ಏನೂ ಸಿಗದಿದ್ದರೂ ಲಕ್ಷಣ, ಎಕ್ಸ್‌ರೇ ನೋಡಿ ಡಾಕ್ಟರ್ ಚಿಕಿತ್ಸೆ ಶುರು ಮಾಡಬಹುದು. ಅದು ಅವರ ತೀರ್ಮಾನ, ನಮ್ಮದಲ್ಲ.

ಅಣ್ಣಾ, ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಕಫ ಹಾಕುವ ಡಬ್ಬಿ ಅಲ್ಲೇ ಕೊಡುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ದೊಡ್ಡಪ್ಪ ಬರೀ ನೀರಲ್ಲಿ ಬಾಯಿ ಮುಕ್ಕಳಿಸಲಿ. ಆಮೇಲೆ ಹೊರಗೆ ಗಾಳಿಯಲ್ಲಿ ನಿಂತು, ಎದೆಯೊಳಗಿಂದ ಕೆಮ್ಮಿ ಕಫ ತೆಗೆಯಲಿ. ಸುಮ್ನೆ ಎಂಜಲು ಉಗುಳಿದರೆ ಆಗದು. ಅಲ್ಲಿಯವರೆಗೆ ಮೆಡಿಕಲ್ ಶಾಪಿನಿಂದ ಕೆಮ್ಮಿಗೆ ಅಂತ ಆ್ಯಂಟಿಬಯೋಟಿಕ್ ತರಬೇಡಿ. ಕೆಲವು ಆ್ಯಂಟಿಬಯೋಟಿಕ್ ಟಿಬಿಯನ್ನು ಸ್ವಲ್ಪ ದಿನ ಅಡಗಿಸಿಬಿಡುತ್ತವೆ.

ದೊಡ್ಡಮ್ಮಾ, ಗಣಿಯಲ್ಲಿದ್ದಾಗ ತೆಗೆಸಿದ ಹಳೇ ಎಕ್ಸ್‌ರೇ ಟ್ರಂಕಿನಲ್ಲಿ ಇದೆಯಾ ನೋಡಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಚ್ಚೆ ಹಳೆಯದಾ, ಹೊಸದಾ ಅಂತ ಡಾಕ್ಟರಿಗೆ ತಿಳಿಯುತ್ತದೆ. ಸಿಕ್ಕರೆ ಫೋಟೋ ಹೊಡೆದು ಕಳಿಸಬೇಡಿ, ಫಿಲ್ಮ್ ಅನ್ನೇ ಅಣ್ಣನ ಕೈಗೆ ಕೊಡಿ.