ಡಿಡಿಮಿಯಂ ಕನ್ನಡಕಕ್ಕ ನಂಬರ್ ಹಾಕಿಸಿದ್ರೂ ಮಣಿ ಮಸಕು, ಏನ್ ಮಾಡ್ಲಿ?

ಮಣಿಸರ (ಧಾರವಾಡ):
ತಲಿ ಕೆಟ್ಟು ಬರೀಲಿಕತ್ತೇನ್ರಿ. ಟಾರ್ಚಿನ (ಗ್ಯಾಸ್ ಉರಿ) ಮುಂದ ಗಾಜು ಕರಗಿಸಿ ಮಣಿ ಮಾಡ್ತೇನಿ. ಉರಿಯ ಹಳದಿ ಝಳ ತಡಿಯೋ ಡಿಡಿಮಿಯಂ ಗಾಜಿಗೆ ನನ್ನ ನಂಬರ್ ಹಾಕಿಸಿ ಎರಡು ತಿಂಗಳಾತು. ಎಷ್ಟು ರೊಕ್ಕ ಹೋತಂತ ಮನ್ಯಾಗ ಇನ್ನೂ ಹೇಳಿಲ್ಲ. ಹಳದಿ ಝಳ ಏನೋ ಹೋಗೇತಿ, ಆದ್ರ ಮಣಿ ಮಸಕು. ಗದ್ದ ಎತ್ತಿದ್ರ ಒಂದೀಟು ಕಾಣತೈತಿ, ಇಳಿಸಿದ್ರ ಮತ್ತ ಮಂಜು. ಅರ್ಧಾ ತಾಸಿಗೆ ಕುತ್ತಿಗಿ ಹಿಡೀತೈತಿ. ನಿನ್ನೆ ಚುಕ್ಕಿ ಇಡಾಕ ಹೋದ್ರ ಸ್ಟ್ರಿಂಗರ್ (ಸಣ್ಣ ಗಾಜಿನ ಎಳಿ) ಮಣಿ ಬಿಟ್ಟು ಮ್ಯಾಂಡ್ರೆಲ್ಲಿಗೇ (ಮಣಿ ಸುತ್ತೋ ಕಡ್ಡಿಗೇ) ಅಂಟ್ಕೊಂತು. ಕನ್ನಡಕ ಬದಲಿಸ್ಲೋ, ಟಾರ್ಚ್ ಬದಲಿಸ್ಲೋ? ಯಾವ ಕಂಪನಿದು ಛಲೋ?

ಬರ್ನರ್ ಕಾಕಾ (ಹುಬ್ಬಳ್ಳಿ):
ಅಕ್ಕಾರ, ನೂರಕ್ಕ ನೂರು ಅದು ಡುಪ್ಲಿಕೇಟ್ ಐತಿ. ಪರೀಕ್ಷಾ ಹೇಳ್ತೀನಿ ಕೇಳ್ರಿ. ಗ್ಯಾಸ್ ಒಲಿ ಹಚ್ಚಿ, ತೊಯ್ಸಿದ ಚಮಚದ ತುದಿಗೆ ಉಪ್ಪು ಹಚ್ಚಿ ಉರಿಯಾಗ ಹಿಡೀರಿ. ಬರಿಗಣ್ಣಿಗೆ ಉರಿ ಅರಿಶಿಣ ಆಗತೈತಿ. ಖರೇ ಡಿಡಿಮಿಯಂದಾಗಿಂದ ನೋಡಿದ್ರ ಆ ಹಳದಿ ಮಾಯ, ಯಾಕಂದ್ರ ಸೋಡಿಯಂದು 589 ನ್ಯಾನೊಮೀಟರ್ ಬೆಳಕು ಅದು ನುಂಗತೈತಿ. ಇನ್ನೊಂದು, ಬಿಸಿಲಾಗ ಗಾಜು ತಿಳಿ ನೇರಳಿ ಕಾಣಬೇಕು, ಟ್ಯೂಬ್‌ಲೈಟಿನ ಕೆಳಗ ನೀಲಿಗೆ ತಿರಗಬೇಕು. ತಿರಗಲಿಲ್ಲಂದ್ರ ಬರೇ ಬಣ್ಣದ ಪ್ಲಾಸ್ಟಿಕ್.

ಮಣಿಸರ (ಧಾರವಾಡ):
ಮಾಡಿದೆ ಕಾಕಾ. ಹಳದಿ ಹೋತು, ಬಣ್ಣಾನೂ ತಿರಗಿತು. ಹಳದಿ ಹೋಗೇತಿ ಅಂತ ಮೊದಲ ಬರದಿದ್ನೆಲ್ರಿ.

ಬರ್ನರ್ ಕಾಕಾ (ಹುಬ್ಬಳ್ಳಿ):
ಉಪ್ಪು ಪುಡಿ ಇತ್ತೋ ಕಲ್ಲುಪ್ಪೋ? ಕತ್ತಲಿ ಮಾಡಿ ಇನ್ನೊಮ್ಮೆ ನೋಡ್ರಿ.

ಗದಗ ಗಾಜು:
ಡಿಡಿಮಿಯಂ ಅನ್ನೂದ ದಂಡ. ವೆಲ್ಡಿಂಗ್ ಅಂಗಡ್ಯಾಗ 5 ನಂಬರ್ ಹಸಿರು ಗಾಜು ಸಿಗತೈತಿ, ನಾ ಅದನ್ನ ಹಾಕೂದು. ನಮ್ಮಪ್ಪ ಮೂವತ್ತು ವರ್ಷ ವೆಲ್ಡಿಂಗ್ ಮಾಡ್ಯಾರ, ಇವತ್ತಿಗೂ ಸೂಜಿಗೆ ದಾರ ತಾವ ಹಾಕ್ತಾರ.

ಹಳೇ ಲ್ಯಾಬ್ (ಧಾರವಾಡ):
ಅಪ್ಪಾಜಿ ಕಣ್ಣಿಗೆ ನಮಸ್ಕಾರ. ಆದರೆ 5ನೇ ಶೇಡ್ (ಗಾಜು ಎಷ್ಟು ಕಪ್ಪು ಅನ್ನೋ ನಂಬರ್) ಹಾಕಿಕೊಂಡು, ಕಡಿಮೆ ಬಿಸಿಗೇ ಕರಗೋ ಮೆತ್ತನ ಗಾಜಿನಲ್ಲಿ ಕೆಂಪು ಯಾವುದು, ಕಂದು ಯಾವುದು ಅಂತ ಹೇಳಿ ನೋಡೋಣ. ಹಸಿರು ಗಾಜಿನ ಕೆಲಸ ಇನ್ಫ್ರಾರೆಡ್ ತಡೆಯೋದು, ಡಿಡಿಮಿಯಂ ಅದನ್ನು ಅಷ್ಟಾಗಿ ತಡೆಯೋದಿಲ್ಲ. ಕುಲುಮೆ ಮುಂದೆ ಕೂತ ಗಾಜುಗಾರರಿಗೆ ಮೋತಿಬಿಂದು ಬರ್ತಿತ್ತು ಅಂತಲೇ ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್ 1913ರ ಹೊತ್ತಿಗೆ ನೂರಾರು ಬಗೆಯ ಗಾಜು ಕರಗಿಸಿ ನೋಡಿದ್ದು. ಬೋರೋ (ಬೋರೋಸಿಲಿಕೇಟ್, ಹೆಚ್ಚು ಬಿಸಿಗೆ ಕರಗೋ ಗಟ್ಟಿ ಗಾಜು) ಕರಗಿಸೋರಿಗೆ ಡಿಡಿಮಿಯಂ ಒಂದೇ ಸಾಲದು, ಹಸಿರು 3 ಜೋಡಿಸಬೇಕು, ದೊಡ್ಡ ಕೆಲಸಕ್ಕೆ 5. ಮಣಿಸರ ಅವರೇ, ನಿಮ್ಮದು ಯಾವ ಗಾಜು?

ಮಣಿಸರ (ಧಾರವಾಡ):
ಮಣಿ ಮಾಡೋ ಮೆತ್ತನ ಗಾಜು ರಿ, 104 ಅಂತಾರಲ್ಲ ಅದು. ಎಲ್ಲಾರಿಗೂ ಗೊತ್ತಿರತೈತಿ ಅಂತ ಬರೀಲಿಲ್ಲ.

ಗದಗ ಗಾಜು:
ನಾ ಬೋರೋ ಮಾಡ್ತೇನಿ. ಹಂಗಾದ್ರ ನಂದ ಸರಿ ಆತಲ್ಲ!

ಬ್ಯಾಡಗಿ ಬೆಂಕಿ (ಹಾವೇರಿ):
ಕನ್ನಡಕದ ಮಾತು ಇರ್ಲಿ, ಉರಿ ಸಣ್ಣದಿದ್ರ ಯಾವ ಗಾಜೂ ಸರಿ ಕರಗೂದಿಲ್ಲ. ನಾ 10 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ ಎರಡು ಒಂದ ಪೈಪಿಗೆ ಕೂಡಿಸೇನಿ. ಫೋಟೋ ಹಾಕ್ಲೇನು?

ಬರ್ನರ್ ಕಾಕಾ (ಹುಬ್ಬಳ್ಳಿ):
ಹಾಕ್ರಿ. ಕರೆಂಟ್ ಹೋದ್ರ ಏನ್ ಮಾಡ್ತೀರಿ?

ಬ್ಯಾಡಗಿ ಬೆಂಕಿ (ಹಾವೇರಿ):
ಚಾ ಕುಡೀತೇನಿ.

ಹಳೇ ಲ್ಯಾಬ್ (ಧಾರವಾಡ):
ಗದ್ದ ಎತ್ತಿದರೆ ಕಾಣುತ್ತೆ ಅಂದದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಮಣಿಸರ ಅವರೇ, ನಿಮ್ಮ ನಂಬರ್ ಎಷ್ಟು? ಬೈಫೋಕಲ್ಲಾ? ಟೇಪು ಹಿಡಿದು ಕಣ್ಣಿಂದ ಉರಿಗೆ ಎಷ್ಟು ದೂರ ಅಳೆಯಿರಿ. ಟಾರ್ಚ್ ಆರಿಸಿ ಅಳೆಯಿರಿ ಮತ್ತೆ.

ಮಣಿಸರ (ಧಾರವಾಡ):
ಹೌದ್ರಿ, ಬೈಫೋಕಲ್. ದೂರಕ್ಕ ಎರಡೂ ಕಣ್ಣು ಮೈನಸ್ 1.5, ಓದಾಕ ಅದರ ಮ್ಯಾಲೆ ಪ್ಲಸ್ 2. ಕಣ್ಣಿನ ಚೀಟ್ಯಾಗ ಸಿಲಿಂಡರ್ ನಂಬರ್ ಇಲ್ಲ. ವಯಸ್ಸು 51. ಉರಿಗೆ 20 ಇಂಚು.

ಹಳೇ ಲ್ಯಾಬ್ (ಧಾರವಾಡ):
ಇದನ್ನು ಮೊದಲನೇ ಸಾಲಿನಲ್ಲೇ ಬರೆದಿದ್ದರೆ ಕಾಕಾನ ಉಪ್ಪು ಉಳೀತಿತ್ತು. ಉರಿ ಇರೋದು ನಿಮ್ಮ ಎದುರಿಗೆ. ಎದುರಿಗೆ ನೋಡೋದು ಮೇಲಿನ ಭಾಗದಲ್ಲಿ, ಅಲ್ಲಿರೋದು ದೂರದ ನಂಬರ್. ಓದುವ ತುಂಡು ಕೆಳಗಿದೆ, ಅದಕ್ಕೇ ಗದ್ದ ಮೇಲೇಳುತ್ತೆ, ಕುತ್ತಿಗೆ ಹಿಡಿಯುತ್ತೆ.

ಈಗ ಲೆಕ್ಕ. 20 ಇಂಚು ಅಂದರೆ ಅರ್ಧ ಮೀಟರ್, ಅಲ್ಲಿಗೆ ಬೇಕಾದ್ದು 2 ಡಯಾಪ್ಟರ್ (ಲೆನ್ಸಿನ ಶಕ್ತಿಯ ಅಳತೆ, ಒಂದನ್ನು ಮೀಟರಿನಲ್ಲಿರುವ ದೂರದಿಂದ ಭಾಗಿಸಿದ್ದು). ನಿಮ್ಮದು ಮೈನಸ್ 1.5, ಅಂದರೆ ಹತ್ತಿರಕ್ಕೆ ಬರಿಗಣ್ಣೇ ಒಂದೂವರೆ ಕೊಡುತ್ತೆ. ಉಳಿದ ಅರ್ಧವನ್ನು 51ರ ಕಣ್ಣು ಸಾಮಾನ್ಯವಾಗಿ ತಾನೇ ಹೊಂದಿಸಿಕೊಳ್ಳುತ್ತೆ. ಅಂದರೆ ಬೆಂಚಿಗೆ ನಿಮಗೆ ನಂಬರೇ ಬೇಡ, ನಂಬರ್ ಇಲ್ಲದ ಡಿಡಿಮಿಯಂ ಸಾಕು! ಟಾರ್ಚ್ ಆರಿಸಿಯೇ, ಕನ್ನಡಕ ತೆಗೆದು, ಉರಿ ಇರುವ ಜಾಗದಲ್ಲಿ ಮ್ಯಾಂಡ್ರೆಲ್ ಹಿಡಿದು ನೋಡಿ.

ಬೇರೆಯವರು ಇದನ್ನೇ ನಕಲು ಮಾಡಬೇಡಿ. ಅಳತೆ ಚೀಟಿಯಲ್ಲಿ ಬರೆದು ಅಂಗಡಿಗೆ ಒಯ್ದು, ಆ ದೂರಕ್ಕೇ ಒಂದೇ ನಂಬರಿನ ಲೆನ್ಸ್ ಕೇಳಿ. ಕನ್ನಡಕದ ಪಕ್ಕದ ಕವಚ ಮಾತ್ರ ಬಿಡಬೇಡಿ, ಗಾಜಿನ ರಾಡ್ ಸಿಡಿದರೆ ಚೂರು ಎದುರಿಂದಲೇ ಬರಬೇಕು ಅಂತಿಲ್ಲ.

ಮಣಿಸರ (ಧಾರವಾಡ):
ಸರ್, ನಗಬೇಕೋ ಅಳಬೇಕೋ. ಕನ್ನಡಕ ತಗದು ನೋಡಿದೆ, ಮ್ಯಾಂಡ್ರೆಲ್ಲಿಗೆ ಹಚ್ಚಿದ ಲೇಪದಾಗ ಕೂದಲೆಳಿಯಂಥಾ ಬಿರುಕು ಸುದ್ದಾ ಕಂಡತು. ಆಮ್ಯಾಲೆ ಗೆಳತಿ ಕಡೆ ನಂಬರ್ ಇಲ್ಲದ ಡಿಡಿಮಿಯಂ ಇಸಕೊಂಡು ಟಾರ್ಚ್ ಹಚ್ಚಿದೆ. ಒಂದೂವರಿ ತಾಸು ಕುಂತೆ, ಕುತ್ತಿಗಿ ನೆನಪ ಆಗಲಿಲ್ಲ. ಚುಕ್ಕಿ ಹನ್ನೆರಡೂ ಸಾಲಿಗೆ ಬಿದ್ದಾವ. ಒಂದ ತ್ರಾಸು, ಗ್ವಾಡಿ ಕಡೆ ಇರೋ ಆಕ್ಸಿಜನ್ ಗೇಜಿನ ಮುಳ್ಳು ಈಗ ಮಸಕು.

ಬರ್ನರ್ ಕಾಕಾ (ಹುಬ್ಬಳ್ಳಿ):
ಗೇಜ್ ಯಾವ ಕಂಪನಿದ್ರಿ? ಡುಪ್ಲಿಕೇಟ್ ಇರಬೇಕು ನೋಡ್ರಿ.